ಸಾಂಕ್ರಾಮಿಕ ರೋಗದ ಅವಧಿಯಲ್ಲಿ ಆದಾಯ ಕಳೆದುಕೊಂಡ ಹೋಟೆಲ್, ಖಾನಾವಳಿ ಹಾಗೂ ವಸತಿಗೃಹ ಕಾರ್ಮಿಕರಿಗೆ ಆರ್ಥಿಕ ನೆರವು: ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳ ಸಾರ್ವಜನಿಕರ ಮಾಹಿತಿಗಾಗಿ

ಹಿನ್ನೆಲೆ

ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಹಾಗೂ ಹುಕ್ಕೇರಿ ತಾಲ್ಲೂಕುಗಳಲ್ಲಿ ಊಟ, ಉಪಾಹಾರ ಮತ್ತು ವಸತಿ ವ್ಯವಹಾರವನ್ನು ಅವಲಂಬಿಸಿದ ಕಾರ್ಮಿಕ ವರ್ಗವೊಂದಿದೆ. ಮಳೆಗಾಲದಲ್ಲಿ ಗೋಕಾಕ ಜಲಪಾತ ಹಾಗೂ ಗೊಡಚಿನಮಲ್ಕಿ ಜಲಪಾತಗಳಿಗೆ ಬರುವ ಪ್ರವಾಸಿಗರು, ಹಿಡಕಲ್ ಜಲಾಶಯವನ್ನು ನೋಡಬರುವವರು, ಸಂಕೇಶ್ವರದ ಮೂಲಕ ಹಾದುಹೋಗುವ ಪುಣೆ-ಬೆಂಗಳೂರು ರಾಷ್ಟ್ರೀಯ ಹೆದ್ದಾರಿಯ ವಾಹನ ಚಾಲಕರು, ಸಂತೆಗೆ ಬರುವ ಹಳ್ಳಿಗಳ ಜನರು ಮತ್ತು ಮಂಗಲ ಕಾರ್ಯಾಲಯಗಳಲ್ಲಿ ನಡೆಯುವ ಮದುವೆಗಳು ಈ ವರ್ಗದ ಆದಾಯದ ಮೂಲಗಳಾಗಿವೆ. ಅಡಿಗೆಯವರು, ಸಪ್ಲೈಯರ್‌ಗಳು, ಪಾತ್ರೆ ತೊಳೆಯುವವರು, ಖಾನಾವಳಿಗಳಲ್ಲಿ ರೊಟ್ಟಿ ಬಡಿಯುವ ಮಹಿಳೆಯರು, ಲಾಡ್ಜ್‌ಗಳ ಕೋಣೆ ಸ್ವಚ್ಛಗೊಳಿಸುವವರು, ಧಾಬಾಗಳ ರಾತ್ರಿ ಪಾಳಿಯವರು ಹಾಗೂ ಕರದಂಟು ತಯಾರಿಕೆ ಮತ್ತು ಮಾರಾಟದ ಅಂಗಡಿಗಳ ಕೆಲಸಗಾರರನ್ನು ಈ ಲೇಖನದಲ್ಲಿ ಒಟ್ಟಾಗಿ ಹೋಟೆಲ್ ಕಾರ್ಮಿಕರೆಂದು ಕರೆಯಲಾಗಿದೆ.

ಕೋವಿಡ್-19ರ ಹಿನ್ನೆಲೆಯಲ್ಲಿ 2020ರ ಮಾರ್ಚ್ 25ರಿಂದ ದೇಶದಾದ್ಯಂತ ಲಾಕ್‌ಡೌನ್ ಜಾರಿಗೆ ಬಂದಿತು. ಹೋಟೆಲುಗಳಲ್ಲಿ ಕುಳಿತು ಊಟ ಮಾಡುವುದಕ್ಕೆ ಮತ್ತು ವಸತಿಗೃಹಗಳನ್ನು ತೆರೆಯುವುದಕ್ಕೆ 2020ರ ಜೂನ್ 8ರ ನಂತರವೇ ಅನುಮತಿ ದೊರೆಯಿತು. ಬಾರ್‌ಗಳಲ್ಲಿ ಕುಳಿತು ಸೇವಿಸಲು ಸೆಪ್ಟೆಂಬರ್ 1ರವರೆಗೆ ಕಾಯಬೇಕಾಯಿತು. ಎರಡನೆಯ ಅಲೆಯಲ್ಲಿ 2021ರ ಏಪ್ರಿಲ್ 27ರ ರಾತ್ರಿಯಿಂದ ಮತ್ತೆ ನಿರ್ಬಂಧಗಳು ಬಂದವು. ಹೋಟೆಲುಗಳಿಗೆ ಪಾರ್ಸೆಲ್ ಮಾತ್ರ ಉಳಿಯಿತು. 2021ರ ಜೂನ್ 14ರಂದು ರಾಜ್ಯದ 19 ಜಿಲ್ಲೆಗಳಲ್ಲಿ ನಿರ್ಬಂಧ ಸಡಿಲಿಸಿದಾಗ, ಸೋಂಕಿನ ಪ್ರಮಾಣ ಹೆಚ್ಚಿದ್ದ 11 ಜಿಲ್ಲೆಗಳಲ್ಲಿ ಅದು ಮುಂದುವರಿಯಿತು. ಬೆಳಗಾವಿ ಆ 11ರಲ್ಲಿ ಒಂದಾಗಿತ್ತು. ಜೂನ್ 21ರಿಂದ ಜಿಲ್ಲೆಯಲ್ಲಿ ಅರ್ಧದಷ್ಟು ಆಸನಗಳೊಂದಿಗೆ, ಸಂಜೆ 5 ಗಂಟೆಯವರೆಗೆ ಹೋಟೆಲುಗಳು ತೆರೆದವು. ರಾತ್ರಿಯ ಗಿರಾಕಿಯನ್ನೇ ನಂಬಿದ ಧಾಬಾಗಳಿಗೆ ಈ ಸಡಿಲಿಕೆಯಿಂದ ಹೆಚ್ಚಿನ ಪ್ರಯೋಜನವಾಗಲಿಲ್ಲ.

ಈ ಭಾಗಕ್ಕೆ ಇನ್ನೊಂದು ಕಷ್ಟವೂ ಸೇರಿಕೊಂಡಿತ್ತು. 2019ರ ಆಗಸ್ಟ್ ತಿಂಗಳಿನಲ್ಲಿ ಘಟಪ್ರಭಾ ನದಿಯ ಪ್ರವಾಹವು ಗೋಕಾಕ ನಗರದ ತಗ್ಗು ಪ್ರದೇಶಗಳಿಗೆ ನುಗ್ಗಿತ್ತು. ಅದರಿಂದ ಚೇತರಿಸಿಕೊಳ್ಳುವ ಮೊದಲೇ ಲಾಕ್‌ಡೌನ್ ಬಂದಿತು. ಎರಡನೆಯ ಅಲೆಯ ನಿರ್ಬಂಧಗಳು ಸಡಿಲಗೊಂಡ ಬೆನ್ನಲ್ಲೇ, 2021ರ ಜುಲೈ ಕೊನೆಯ ವಾರದಲ್ಲಿ, ಮತ್ತೆ ನದಿ ಉಕ್ಕಿತು. ಪ್ರವಾಹದ ಸಂದರ್ಭದಲ್ಲಿ ನೀರು ಹೊಕ್ಕ ಮನೆಯನ್ನು ಆಧರಿಸಿ ಪರಿಹಾರ ನೀಡುವ ಪದ್ಧತಿಯಿದ್ದು, 2019ರಲ್ಲಿ ಕುಟುಂಬವೊಂದಕ್ಕೆ ರೂ. 10,000 ತಕ್ಷಣದ ನೆರವು ನೀಡಲಾಯಿತು. ನೀರು ಹೊಕ್ಕ ಮನೆ ಕಣ್ಣಿಗೆ ಕಾಣುತ್ತದೆ, ಗ್ರಾಮ ಆಡಳಿತ ಅಧಿಕಾರಿ ಬಂದು ಪಂಚನಾಮೆ ಮಾಡಬಹುದು. ನಿಂತುಹೋದ ಪಗಾರಕ್ಕೆ ಪಂಚನಾಮೆ ಇರುವುದಿಲ್ಲ. ಸಾಂಕ್ರಾಮಿಕದ ಕಾಲದ ನೆರವಿನ ಸ್ವರೂಪವನ್ನು ತಿಳಿಯಲು ಈ ವ್ಯತ್ಯಾಸವನ್ನು ಗಮನದಲ್ಲಿಡುವುದು ಅವಶ್ಯಕ.

ರಾಜ್ಯ ಸರ್ಕಾರದ ಪರಿಹಾರ ಪ್ಯಾಕೇಜುಗಳು

2020ರ ಮೇ 6ರಂದು ಅಂದಿನ ಮುಖ್ಯಮಂತ್ರಿ ಶ್ರೀ ಬಿ.ಎಸ್. ಯಡಿಯೂರಪ್ಪನವರು ರೂ. 1,610 ಕೋಟಿಗಳ ಪರಿಹಾರ ಪ್ಯಾಕೇಜನ್ನು ಪ್ರಕಟಿಸಿದರು. ಅದರನ್ವಯ ಕ್ಷೌರಿಕರಿಗೆ, ಅಗಸರಿಗೆ ಹಾಗೂ ಆಟೋ ಮತ್ತು ಟ್ಯಾಕ್ಸಿ ಚಾಲಕರಿಗೆ ಒಂದು ಬಾರಿಗೆ ತಲಾ ರೂ. 5,000, ಕಟ್ಟಡ ಕಾರ್ಮಿಕರಿಗೆ ಈ ಮೊದಲು ನೀಡಿದ್ದ ರೂ. 2,000ದ ಜೊತೆಗೆ ರೂ. 3,000, ಕೈಮಗ್ಗ ನೇಕಾರರಿಗೆ ರೂ. 2,000 ಹಾಗೂ ಹೂವು ಬೆಳೆಗಾರರಿಗೆ ಹೆಕ್ಟೇರಿಗೆ ರೂ. 25,000 ನಿಗದಿಯಾಯಿತು. ಸದರಿ ಪಟ್ಟಿಯಲ್ಲಿ ಹೋಟೆಲ್ ಕಾರ್ಮಿಕರು ಪ್ರತ್ಯೇಕ ವರ್ಗವಾಗಿ ಇರಲಿಲ್ಲ.

2021ರ ಮೇ 19ರಂದು ಪ್ರಕಟವಾದ ಎರಡನೆಯ ಅಲೆಯ ಪ್ಯಾಕೇಜು ರೂ. 1,250 ಕೋಟಿಗಳನ್ನು ಮೀರಿದ್ದು, ಅದರಲ್ಲಿ ಅಸಂಘಟಿತ ವಲಯದ ವೃತ್ತಿಗಳು ಹೆಚ್ಚು ಸೇರ್ಪಡೆಯಾದವು. ಕ್ಷೌರಿಕರು, ಅಗಸರು, ಟೈಲರ್‌ಗಳು, ಹಮಾಲರು, ಚಿಂದಿ ಆಯುವವರು, ಕುಂಬಾರರು, ಅಕ್ಕಸಾಲಿಗರು, ಮೆಕ್ಯಾನಿಕ್‌ಗಳು, ಕಮ್ಮಾರರು, ಗೃಹ ಕಾರ್ಮಿಕರು ಮತ್ತು ಚಮ್ಮಾರರು ಎಂಬ 11 ವರ್ಗಗಳ ಅಂದಾಜು 3.04 ಲಕ್ಷ ಜನರಿಗೆ ತಲಾ ರೂ. 2,000, ಅಂದಾಜು 2.20 ಲಕ್ಷ ಬೀದಿ ಬದಿ ವ್ಯಾಪಾರಿಗಳಿಗೆ ತಲಾ ರೂ. 2,000, ಚಾಲಕರಿಗೆ ಮತ್ತು ಕಟ್ಟಡ ಕಾರ್ಮಿಕರಿಗೆ ತಲಾ ರೂ. 3,000 ಎಂದು ಗೊತ್ತುಪಡಿಸಲಾಯಿತು. ಅರ್ಜಿಗಳನ್ನು ಸೇವಾ ಸಿಂಧು ಪೋರ್ಟಲ್ ಮೂಲಕ ಸ್ವೀಕರಿಸಲಾಯಿತು. ಈ ಸಲವೂ ಹೋಟೆಲ್ ಕಾರ್ಮಿಕರ ಹೆಸರು ಪಟ್ಟಿಯಲ್ಲಿ ಬರಲಿಲ್ಲ.

ಇದಕ್ಕೆ ಕಾರಣವನ್ನು ಪಟ್ಟಿಯ ಮೂಲದಲ್ಲಿ ಹುಡುಕಬೇಕಾಗುತ್ತದೆ. ಮೇಲ್ಕಂಡ 11 ವರ್ಗಗಳಲ್ಲಿ ಬಹುಪಾಲು ವರ್ಗಗಳು ಕರ್ನಾಟಕ ರಾಜ್ಯ ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತಾ ಮಂಡಳಿಯ ಅಂಬೇಡ್ಕರ್ ಕಾರ್ಮಿಕ ಸಹಾಯ ಹಸ್ತ ಯೋಜನೆಯಡಿ ಅದಾಗಲೇ ನೋಂದಣಿಯಾಗಿ ಸ್ಮಾರ್ಟ್ ಕಾರ್ಡ್ ಪಡೆಯುತ್ತಿದ್ದ ವರ್ಗಗಳೇ ಆಗಿದ್ದವು. ಕಟ್ಟಡ ಕಾರ್ಮಿಕರಿಗೆ ತಮ್ಮದೇ ಕಲ್ಯಾಣ ಮಂಡಳಿಯಿತ್ತು. ಚಾಲಕರಿಗೆ ಲೈಸೆನ್ಸ್ ಇತ್ತು. ಬೀದಿ ಬದಿ ವ್ಯಾಪಾರಿಗೆ ನಗರಸಭೆಯ ಗುರುತಿನ ಚೀಟಿ ಇತ್ತು. ತುರ್ತು ಸಂದರ್ಭದಲ್ಲಿ ಹಣವನ್ನು ಬ್ಯಾಂಕ್ ಖಾತೆಗೆ ನೇರವಾಗಿ ಜಮಾ ಮಾಡಬೇಕಾದಾಗ ಇಲಾಖೆಗಳು ಕೈಯಲ್ಲಿರುವ ಪಟ್ಟಿಯನ್ನೇ ಬಳಸುತ್ತವೆ. ಹೋಟೆಲ್ ಕಾರ್ಮಿಕರದು ಎಂಬ ಪಟ್ಟಿ ಯಾರ ಕೈಯಲ್ಲೂ ಇರಲಿಲ್ಲ. ಕಾನೂನಿನ ದೃಷ್ಟಿಯಲ್ಲಿ ಹೋಟೆಲ್ ಒಂದು ವಾಣಿಜ್ಯ ಸಂಸ್ಥೆ. ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮ, 1961ರ ವ್ಯಾಪ್ತಿಗೆ ಅದು ಒಳಪಟ್ಟಿದ್ದು, ಅಲ್ಲಿನ ಕಾರ್ಮಿಕರು ಮಾಲೀಕರ ಹಾಜರಿ ಮತ್ತು ವೇತನ ಪುಸ್ತಕಗಳಲ್ಲಿ ಇರಬೇಕಾದವರು. ವಾಸ್ತವದಲ್ಲಿ ಸಣ್ಣ ಊರಿನ ಖಾನಾವಳಿಯಲ್ಲಿ ಅಂತಹ ಪುಸ್ತಕವಿರುವುದು ಅಪರೂಪ. ಹೀಗಾಗಿ ಸಂಘಟಿತ ವಲಯದ ರಕ್ಷಣೆಯೂ ಇಲ್ಲದೆ, ಅಸಂಘಟಿತ ವಲಯದ ಪಟ್ಟಿಯೂ ಇಲ್ಲದೆ ಈ ವರ್ಗ ನಡುವೆ ಉಳಿಯಿತು.

ಒಂದೇ ಕೆಲಸಕ್ಕೆ ಬೇರೆ ಬೇರೆ ಫಲ ದೊರೆತ ಪ್ರಸಂಗಗಳೂ ಇವೆ. ಮನೆಯೊಂದರಲ್ಲಿ ಅಡಿಗೆ ಮಾಡುವ ಮಹಿಳೆ ಗೃಹ ಕಾರ್ಮಿಕಳೆಂದು ರೂ. 2,000ಕ್ಕೆ ಅರ್ಜಿ ಸಲ್ಲಿಸಬಹುದಿತ್ತು. ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಆಕೆಯ ನೆರೆಮನೆಯವಳಿಗೆ ಆ ಅವಕಾಶವಿರಲಿಲ್ಲ. 2021ರ ಜೂನ್ 3ರಂದು ಪ್ರಕಟವಾದ ಸುಮಾರು ರೂ. 500 ಕೋಟಿಗಳ ಮುಂದುವರಿದ ಪ್ಯಾಕೇಜಿನಲ್ಲಿ ಮುಜರಾಯಿ ಇಲಾಖೆಯ 'ಸಿ' ವರ್ಗದ ದೇವಸ್ಥಾನಗಳ ಅರ್ಚಕರ ಜೊತೆಗೆ ಅಲ್ಲಿನ ಅಡಿಗೆಯವರಿಗೂ ಸಿಬ್ಬಂದಿಗೂ ತಲಾ ರೂ. 3,000 ದೊರೆಯಿತು. ಮಂಗಲ ಕಾರ್ಯಾಲಯದ ಅಡಿಗೆಯವರಿಗೆ ಅಂತಹ ಅವಕಾಶವಿರಲಿಲ್ಲ. ಮದುವೆಗೆ 50 ಜನ, ನಂತರ 40 ಜನ ಎಂಬ ಮಿತಿಯಿಂದಾಗಿ 2021ರ ಬೇಸಿಗೆಯ ಹಂಗಾಮು ಅವರ ಪಾಲಿಗೆ ಮುಗಿದುಹೋಗಿತ್ತು.

ಮಾಲೀಕರಿಗೆ ದೊರೆತ ರಿಯಾಯಿತಿಗಳು

ಹೋಟೆಲ್ ಉದ್ದಿಮೆಗೆ ನೆರವು ಬರಲೇ ಇಲ್ಲ ಎನ್ನುವಂತಿಲ್ಲ. 2021ರಲ್ಲಿ ರಾಜ್ಯ ಸರ್ಕಾರವು ಹೋಟೆಲ್, ರೆಸ್ಟೋರೆಂಟ್ ಹಾಗೂ ರೆಸಾರ್ಟ್‌ಗಳಿಗೆ 2021-22ನೇ ಸಾಲಿನ ಆಸ್ತಿ ತೆರಿಗೆಯಲ್ಲಿ ಶೇ. 50ರಷ್ಟು ವಿನಾಯಿತಿ ಮತ್ತು ಏಪ್ರಿಲ್‌ನಿಂದ ಜೂನ್‌ವರೆಗಿನ ವಿದ್ಯುತ್ತಿನ ನಿಗದಿತ ಶುಲ್ಕದಿಂದ ವಿನಾಯಿತಿ ಘೋಷಿಸಿತು. ಕೇಂದ್ರ ಸರ್ಕಾರದ ತುರ್ತು ಸಾಲ ಖಾತರಿ ಯೋಜನೆಯ ಮೂರನೆಯ ಹಂತವನ್ನು 2021ರ ಮಾರ್ಚ್ ಅಂತ್ಯದಲ್ಲಿ ಆತಿಥ್ಯ, ಪ್ರವಾಸ ಮತ್ತು ಮನರಂಜನಾ ಉದ್ದಿಮೆಗಳಿಗಾಗಿಯೇ ರೂಪಿಸಲಾಯಿತು. ಅದರಡಿ 2020ರ ಫೆಬ್ರವರಿ 29ರಂದು ಬಾಕಿ ಇದ್ದ ಸಾಲದ ಶೇ. 40ರವರೆಗೆ ಹೆಚ್ಚುವರಿ ಸಾಲವನ್ನು 6 ವರ್ಷಗಳ ಅವಧಿಗೆ, ಮೊದಲ 2 ವರ್ಷ ಅಸಲಿನ ಕಂತಿಲ್ಲದೆ ಪಡೆಯಬಹುದಿತ್ತು. ಬ್ಯಾಂಕಿನಲ್ಲಿ ಮೊದಲೇ ಸಾಲವಿದ್ದ ಹೋಟೆಲಿಗೆ ಇದು ಉಪಯುಕ್ತ. ಸ್ವಂತ ಹಣದಿಂದ ಅಥವಾ ಕೈಗಡದಿಂದ ನಡೆಸುವ ಚಹಾದಂಗಡಿಗೆ ಶೇ. 40 ಲೆಕ್ಕ ಹಾಕಲು ಸಾಲವೇ ಇರಲಿಲ್ಲ.

ಈ ರಿಯಾಯಿತಿಗಳನ್ನು ಪಡೆಯಲು ಕಾರ್ಮಿಕರನ್ನು ಕೆಲಸದಲ್ಲಿ ಉಳಿಸಿಕೊಳ್ಳಬೇಕೆಂಬ ಷರತ್ತಿರಲಿಲ್ಲ. ಬ್ರಿಟನ್ ದೇಶವು 2020ರ ಮಾರ್ಚ್‌ನಿಂದ 2021ರ ಸೆಪ್ಟೆಂಬರ್‌ವರೆಗೆ ಬೇರೊಂದು ದಾರಿ ಹಿಡಿಯಿತು: ಕೆಲಸವಿಲ್ಲದೆ ಮನೆಯಲ್ಲಿದ್ದ ನೌಕರನ ವೇತನದ ಶೇ. 80ರವರೆಗೆ, ತಿಂಗಳಿಗೆ ಗರಿಷ್ಠ 2,500 ಪೌಂಡ್ ಮಿತಿಯಲ್ಲಿ, ಸರ್ಕಾರದ ಹಣ ಮಾಲೀಕರ ಮೂಲಕ ನೌಕರನಿಗೆ ತಲುಪಿತು. ಕೊನೆಯ ತಿಂಗಳುಗಳಲ್ಲಿ ಅದರ ಒಂದು ಪಾಲನ್ನು ಮಾಲೀಕರು ಭರಿಸಬೇಕಾಯಿತು. ಅಲ್ಲಿನ ತೆರಿಗೆ ಇಲಾಖೆಯಲ್ಲಿ ಪ್ರತಿ ನೌಕರನ ತಿಂಗಳ ವೇತನದ ದಾಖಲೆ ಮೊದಲೇ ಇದ್ದುದರಿಂದ ಅದು ಸಾಧ್ಯವಾಯಿತು. ವೇತನ ಪುಸ್ತಕವಿಲ್ಲದ ಕಡೆ ಅಂತಹ ಯೋಜನೆಯನ್ನು ಜಾರಿಗೊಳಿಸುವುದು ಕಷ್ಟಸಾಧ್ಯ.

ಲಾಕ್‌ಡೌನ್ ಅವಧಿಯ ವೇತನದ ಪ್ರಶ್ನೆ

ಕೇಂದ್ರ ಗೃಹ ಮಂತ್ರಾಲಯವು 2020ರ ಮಾರ್ಚ್ 29ರ ಆದೇಶದಲ್ಲಿ, ಲಾಕ್‌ಡೌನ್ ಕಾರಣದಿಂದ ಮುಚ್ಚಿದ ಸಂಸ್ಥೆಗಳ ಮಾಲೀಕರು ಕಾರ್ಮಿಕರಿಗೆ ಕಡಿತವಿಲ್ಲದೆ ವೇತನ ನೀಡತಕ್ಕದ್ದು ಎಂದು ಸೂಚಿಸಿತ್ತು. ಈ ಆದೇಶವು ಅಂಗಡಿಗಳಿಗೂ ಅನ್ವಯವಾಗುತ್ತಿತ್ತು. ಮೇ 18ರಿಂದ ಜಾರಿಗೆ ಬಂದ ಹೊಸ ಮಾರ್ಗಸೂಚಿಯೊಂದಿಗೆ ಅದು ಕೊನೆಗೊಂಡಿತು. ಅದರ ಸಿಂಧುತ್ವವನ್ನು ಪ್ರಶ್ನಿಸಿದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2020ರ ಜೂನ್ 12ರಂದು ಮಧ್ಯಂತರ ಆದೇಶ ನೀಡಿ, ಮಾಲೀಕರ ವಿರುದ್ಧ ಬಲವಂತದ ಕ್ರಮ ಬೇಡವೆಂದೂ, ಆ ಅವಧಿಯ ವೇತನದ ಕುರಿತು ಮಾಲೀಕರು ಮತ್ತು ಕಾರ್ಮಿಕರು ಮಾತುಕತೆಯಿಂದ ಇತ್ಯರ್ಥಕ್ಕೆ ಬರಬಹುದೆಂದೂ, ಆಗದಿದ್ದಲ್ಲಿ ಕಾರ್ಮಿಕ ಪ್ರಾಧಿಕಾರಗಳ ಮೊರೆ ಹೋಗಬಹುದೆಂದೂ ತಿಳಿಸಿತು.

ಮಾತುಕತೆ ಎಂಬುದು ಸಂಘವಿರುವ ಕಾರ್ಖಾನೆಯಲ್ಲಿ ಒಂದು ರೀತಿ, ಐದು ಜನ ಕೆಲಸ ಮಾಡುವ ಹೋಟೆಲಿನಲ್ಲಿ ಇನ್ನೊಂದು ರೀತಿ. ಮಾಲೀಕನ ಗಲ್ಲೆಯೂ ಖಾಲಿಯಿದ್ದಾಗ ಕೇಳುವವನಿಗೂ ಸಂಕೋಚ, ಕೊಡುವವನಿಗೂ ಇಕ್ಕಟ್ಟು. ಕೆಲವರು ಊಟ ಮತ್ತು ವಸತಿಯನ್ನಾದರೂ ಮುಂದುವರಿಸಿದರು. ಅದನ್ನೇ ವೇತನವೆಂದು ಲೆಕ್ಕಕ್ಕೆ ಹಿಡಿದವರೂ ಇದ್ದರು.

ಕಾನೂನಿನ ಒಂದು ಅಂಶವನ್ನು ಇಲ್ಲಿ ಸ್ಪಷ್ಟಪಡಿಸುವುದು ಸೂಕ್ತ. ಕೆಲಸವಿಲ್ಲದ ದಿನಗಳಿಗೆ ಅರ್ಧ ವೇತನ ನೀಡುವ ಲೇ-ಆಫ್ ಪರಿಹಾರವು ಅಂದು ಜಾರಿಯಲ್ಲಿದ್ದ ಕೈಗಾರಿಕಾ ವಿವಾದಗಳ ಅಧಿನಿಯಮ, 1947ರ ಪ್ರಕಾರ 50 ಅಥವಾ ಅದಕ್ಕಿಂತ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆ, ಗಣಿ ಮತ್ತು ತೋಟಗಳಿಗೆ ಸೀಮಿತವಾಗಿತ್ತು. ಹೋಟೆಲ್ ಕಾರ್ಮಿಕರಿಗೆ ಅದು ಸಾಮಾನ್ಯವಾಗಿ ಅನ್ವಯಿಸುತ್ತಿರಲಿಲ್ಲ. ಆದರೆ 240 ದಿನಗಳ ಸೇವೆ ಪೂರೈಸಿದ ಕಾರ್ಮಿಕನನ್ನು ಹೆಚ್ಚುವರಿಯೆಂದು ಕೆಲಸದಿಂದ ತೆಗೆದರೆ ಪ್ರತಿ ಪೂರ್ಣ ವರ್ಷಕ್ಕೆ 15 ದಿನಗಳ ಸರಾಸರಿ ವೇತನದಂತೆ ಪರಿಹಾರ ನೀಡಬೇಕೆಂಬ ನಿಯಮವು ಹೋಟೆಲಿಗೂ ಅನ್ವಯವಾಗುತ್ತಿತ್ತು. "ಸದ್ಯಕ್ಕೆ ಬರಬೇಡ" ಎಂಬ ಮಾತು ಲೇ-ಆಫ್ ಆಗುತ್ತದೆಯೋ ಕೆಲಸದಿಂದ ತೆಗೆದಂತಾಗುತ್ತದೆಯೋ ಎಂಬುದು ಬರಹದಲ್ಲಿ ಏನೂ ಇಲ್ಲದಿದ್ದಾಗ ತೀರ್ಮಾನಿಸಲಾಗದ ಪ್ರಶ್ನೆಯಾಯಿತು. ವೇತನ ಬಾಕಿಯ ಕ್ಲೇಮು ಸಲ್ಲಿಸಲು ಅಂದಿನ ವೇತನ ಪಾವತಿ ಅಧಿನಿಯಮದಲ್ಲಿ 12 ತಿಂಗಳ ಗಡುವಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ವೇತನ ಸಂಹಿತೆಯಲ್ಲಿ ಈ ಗಡುವು 3 ವರ್ಷಗಳಾಗಿದೆ.

ಭವಿಷ್ಯ ನಿಧಿಯ ಮೂಲಕ ದೊರೆತ ನೆರವು

20 ಅಥವಾ ಅದಕ್ಕಿಂತ ಹೆಚ್ಚು ಜನ ಕೆಲಸ ಮಾಡುವ ಹೋಟೆಲುಗಳು ನೌಕರರ ಭವಿಷ್ಯ ನಿಧಿಗೆ ಒಳಪಡುತ್ತವೆ. ಈ ಮೂರು ತಾಲ್ಲೂಕುಗಳಲ್ಲಿ ಅಂತಹ ದೊಡ್ಡ ಹೋಟೆಲುಗಳು ಕಡಿಮೆ. ಆದರೂ ಬೆಳಗಾವಿ, ಕೊಲ್ಹಾಪುರ, ಪುಣೆ, ಗೋವಾಗಳಲ್ಲಿ ಹಿಂದೆ ದುಡಿದು ಬಂದ ಹಲವರ ಹೆಸರಿನಲ್ಲಿ ಪಿ.ಎಫ್. ಖಾತೆ ಇರುವ ಸಾಧ್ಯತೆ ಇರುತ್ತದೆ.

2020ರ ಮಾರ್ಚ್ 28ರ ಅಧಿಸೂಚನೆಯ ಮೇರೆಗೆ ಸದಸ್ಯರು ಮರುಪಾವತಿಸಬೇಕಿಲ್ಲದ ಮುಂಗಡ ಪಡೆಯಲು ಅವಕಾಶ ದೊರೆಯಿತು. ಖಾತೆಯಲ್ಲಿರುವ ಮೊತ್ತದ ಶೇ. 75 ಅಥವಾ ಮೂರು ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು ಮಿತಿ. ಉದಾಹರಣೆಗೆ, ತಿಂಗಳಿಗೆ ರೂ. 12,000 ವೇತನದ ಅಡಿಗೆಯವನ ಖಾತೆಯಲ್ಲಿ ರೂ. 60,000 ಇದ್ದರೆ, ಅದರ ಶೇ. 75 ಎಂದರೆ ರೂ. 45,000, ಮೂರು ತಿಂಗಳ ವೇತನ ರೂ. 36,000, ಆತನಿಗೆ ದೊರೆಯುತ್ತಿದ್ದುದು ರೂ. 36,000. 2021ರ ಮೇ 31ರಂದು ಎರಡನೆಯ ಬಾರಿಯೂ ಇಂತಹ ಮುಂಗಡಕ್ಕೆ ಅನುಮತಿ ನೀಡಲಾಯಿತು. ಈ ಸೌಲಭ್ಯವನ್ನು 2024ರ ಜೂನ್‌ನಲ್ಲಿ ನಿಲ್ಲಿಸಲಾಗಿದೆ. ಇದು ಕಾರ್ಮಿಕನ ಸ್ವಂತ ಉಳಿತಾಯವೇ ಆಗಿದ್ದು, ಸರ್ಕಾರದ ಅನುದಾನವಲ್ಲ ಎಂಬುದನ್ನು ಮರೆಯಬಾರದು.

ಅನುದಾನವೆನ್ನಬಹುದಾದುದು ಬೇರೆ ಇತ್ತು. 100ರವರೆಗೆ ನೌಕರರಿದ್ದು, ಅವರಲ್ಲಿ ಶೇ. 90ರಷ್ಟು ಜನ ರೂ. 15,000ಕ್ಕಿಂತ ಕಡಿಮೆ ವೇತನ ಪಡೆಯುವ ಸಂಸ್ಥೆಗಳಲ್ಲಿ, ಆ ವೇತನ ಮಿತಿಯ ನೌಕರರ ಶೇ. 12 ಮತ್ತು ಮಾಲೀಕರ ಶೇ. 12 ವಂತಿಗೆಗಳೆರಡನ್ನೂ 2020ರ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಕೇಂದ್ರ ಸರ್ಕಾರವೇ ಭರಿಸಿತು. ಮೇಲಿನ ಉದಾಹರಣೆಯ ಅಡಿಗೆಯವನಿಗೆ ಪೂರ್ಣ ದರದಲ್ಲಿ ತಿಂಗಳಿಗೆ ರೂ. 2,880 ಖಾತೆಗೆ ಜಮೆಯಾಗಿ, ವೇತನದಿಂದ ಕಡಿತವಾಗಬೇಕಿದ್ದ ರೂ. 1,440 ಕೈಯಲ್ಲಿ ಉಳಿಯುತ್ತಿತ್ತು. ಆದರೆ ವಂತಿಗೆ ಎಂಬುದು ವೇತನದ ಮೇಲಿನ ಲೆಕ್ಕ. ವೇತನವೇ ಇಲ್ಲದ ತಿಂಗಳಿಗೆ ವಂತಿಗೆಯೂ ಇಲ್ಲ. ಪೂರ್ತಿ ಮುಚ್ಚಿದ ಹೋಟೆಲಿನ ಕಾರ್ಮಿಕನಿಗೆ, ಅಂದರೆ ಅತಿ ಹೆಚ್ಚು ನಷ್ಟ ಅನುಭವಿಸಿದವನಿಗೆ, ಇದರಿಂದ ಏನೂ ದೊರೆಯಲಿಲ್ಲ.

ರಾಜ್ಯ ವಿಮೆ: ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ

ನಿರುದ್ಯೋಗಕ್ಕೇ ಹಣ ನೀಡುವ ಯೋಜನೆ ಕಾರ್ಮಿಕರ ರಾಜ್ಯ ವಿಮಾ ನಿಗಮದಲ್ಲಿ 2018ರ ಜುಲೈ 1ರಿಂದಲೇ ಇತ್ತು. ಈ ಲೇಖನದಲ್ಲಿ ವಿವರಿಸಿದ ಸೌಲಭ್ಯಗಳ ಪೈಕಿ ಆದಾಯ ನಷ್ಟಕ್ಕೆ ಅತ್ಯಂತ ನೇರವಾಗಿ ಸಂಬಂಧಿಸಿದ್ದು ಇದೇ. ನಿಗಮದ ಅಧಿಸೂಚಿತ ಪ್ರದೇಶದಲ್ಲಿ 10 ಅಥವಾ ಹೆಚ್ಚು ಜನರಿರುವ ಹೋಟೆಲುಗಳಲ್ಲಿ ತಿಂಗಳಿಗೆ ರೂ. 21,000ದವರೆಗೆ ವೇತನ ಪಡೆಯುವವರು ಅಂದು ಇ.ಎಸ್.ಐ.ಗೆ ಒಳಪಡುತ್ತಿದ್ದರು. ಕಾರ್ಮಿಕರ ವಂತಿಗೆ ಶೇ. 0.75 ಮಾತ್ರ.

2020ರ ಮಾರ್ಚ್ 24ರಿಂದ ಈ ಯೋಜನೆಯ ನಿಯಮಗಳನ್ನು ಸಡಿಲಿಸಲಾಯಿತು. ಸರಾಸರಿ ದಿನಗೂಲಿಯ ಶೇ. 25ರ ಬದಲಿಗೆ ಶೇ. 50, ಗರಿಷ್ಠ 90 ದಿನಗಳಿಗೆ. ಕೆಲಸ ಹೋದ 90 ದಿನಗಳ ನಂತರ ಸಲ್ಲಬೇಕಿದ್ದ ಕ್ಲೇಮು 30 ದಿನಗಳ ನಂತರವೇ ಅರ್ಹ. ಮಾಲೀಕರ ಮೂಲಕ ಸಲ್ಲಿಸುವ ಬದಲು ಕಾರ್ಮಿಕರೇ ನೇರವಾಗಿ ಶಾಖಾ ಕಚೇರಿಗೆ ಸಲ್ಲಿಸಬಹುದು. ಕೊನೆಯ ಬದಲಾವಣೆ ಚಿಕ್ಕದಾಗಿ ಕಂಡರೂ ಮುಖ್ಯವಾದುದು. ಬಾಗಿಲು ಹಾಕಿಕೊಂಡು ಊರಿಗೆ ಹೋದ ಮಾಲೀಕರ ಸಹಿಗಾಗಿ ಅಲೆಯುವುದು ಇದರಿಂದ ತಪ್ಪಿತು. ದಿನಕ್ಕೆ ರೂ. 400 ಸರಾಸರಿ ಕೂಲಿಯವರಿಗೆ 90 ದಿನಗಳಿಗೆ ರೂ. 18,000 ಆಗುತ್ತದೆ. ರಾಜ್ಯದ ಪ್ಯಾಕೇಜುಗಳ ರೂ. 2,000 ಅಥವಾ ರೂ. 5,000ದೊಂದಿಗೆ ಹೋಲಿಸಿದರೆ ಇದರ ಬೆಲೆ ತಿಳಿಯುತ್ತದೆ. ಕೆಲಸ ಹೋಗುವ ಮೊದಲು ಕನಿಷ್ಠ ಎರಡು ವರ್ಷ ವಿಮೆಗೊಳಪಟ್ಟಿರಬೇಕು, ಅದರ ಹಿಂದಿನ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ಇರಬೇಕು ಮತ್ತು ಅದಕ್ಕೂ ಮೊದಲಿನ ಮೂರು ಅವಧಿಗಳಲ್ಲಿ ಒಂದರಲ್ಲಾದರೂ 78 ದಿನಗಳು ಇರಬೇಕು ಎಂಬುದು ಷರತ್ತು. ಜೀವಮಾನದಲ್ಲಿ ಒಮ್ಮೆ ಮಾತ್ರ ಈ ನೆರವು ದೊರೆಯುತ್ತದೆ.

ಹತ್ತು ಜನರಿದ್ದರೂ ಎಂಟು ಜನರ ಹೆಸರು ಬರೆಯುವ ರೂಢಿ ಈ ಉದ್ದಿಮೆಗೆ ಅಪರಿಚಿತವಲ್ಲ. ಕೈಗೆ ಬರುವ ಪಗಾರ ಕಡಿಮೆಯಾದೀತೆಂದು ಕಾರ್ಮಿಕರೂ ಅದಕ್ಕೆ ಒಪ್ಪುವುದುಂಟು. ರೂ. 12,000 ವೇತನದ ಮೇಲೆ ಕಾರ್ಮಿಕರ ವಂತಿಗೆ ತಿಂಗಳಿಗೆ ರೂ. 90. ಎರಡು ವರ್ಷಕ್ಕೆ ರೂ. 2,160 ಉಳಿಸಲು ಹೋಗಿ ರೂ. 18,000 ಕಳೆದುಕೊಂಡಂತಾಗುತ್ತದೆ.

ಬೀದಿ ಬದಿಯ ಆಹಾರ ವ್ಯಾಪಾರಿಗಳು

ತಳ್ಳುಗಾಡಿಯಲ್ಲಿ ಮಿರ್ಚಿ ಭಜಿ, ಗಿರಮಿಟ್, ಚಹಾ ಮಾರುವವರ ಸ್ಥಿತಿ ಹೋಟೆಲ್ ಕಾರ್ಮಿಕರಿಗಿಂತ ತುಸು ಉತ್ತಮವಾಗಿತ್ತು. 2020ರ ಜೂನ್ 1ರಂದು ಆರಂಭವಾದ ಪ್ರಧಾನಮಂತ್ರಿ ಸ್ವನಿಧಿ ಯೋಜನೆಯಡಿ, 2020ರ ಮಾರ್ಚ್ 24ಕ್ಕೆ ಮೊದಲಿನಿಂದ ವ್ಯಾಪಾರ ಮಾಡುತ್ತಿದ್ದವರಿಗೆ ಭದ್ರತೆಯಿಲ್ಲದೆ ರೂ. 10,000 ದುಡಿಮೆ ಬಂಡವಾಳದ ಸಾಲ ಹಾಗೂ ಸಕಾಲದಲ್ಲಿ ಮರುಪಾವತಿಸಿದರೆ ಶೇ. 7ರ ಬಡ್ಡಿ ಸಹಾಯಧನ ದೊರೆಯಿತು. ಗುರುತಿನ ಚೀಟಿ ಇಲ್ಲದವರು ಸ್ಥಳೀಯ ಸಂಸ್ಥೆಯಿಂದ ಶಿಫಾರಸು ಪತ್ರ ಪಡೆಯಬಹುದಿತ್ತು. ಗೋಕಾಕದಲ್ಲಿ ನಗರಸಭೆ, ಮೂಡಲಗಿ, ಹುಕ್ಕೇರಿ, ಸಂಕೇಶ್ವರಗಳಲ್ಲಿ ಪುರಸಭೆ ಈ ಕಾರ್ಯದ ಹೊಣೆ ಹೊತ್ತಿದ್ದವು. 2021ರ ರೂ. 2,000 ಪರಿಹಾರವೂ ಇದೇ ನೋಂದಣಿಯ ಆಧಾರದ ಮೇಲೆ ಬಂದಿತು. 2025ರ ಆಗಸ್ಟ್‌ನಲ್ಲಿ ಕೇಂದ್ರ ಸಚಿವ ಸಂಪುಟವು ಯೋಜನೆಯನ್ನು 2030ರ ಮಾರ್ಚ್ 31ರವರೆಗೆ ವಿಸ್ತರಿಸಿ, ಮೊದಲ ಕಂತನ್ನು ರೂ. 15,000ಕ್ಕೆ, ಎರಡನೆಯದನ್ನು ರೂ. 25,000ಕ್ಕೆ ಏರಿಸಿದೆ, ಮೂರನೆಯದು ರೂ. 50,000 ಆಗಿ ಮುಂದುವರಿದಿದೆ. ಗಾಡಿಯ ಒಡೆಯನಿಗೆ ಈ ಎಲ್ಲ ಅವಕಾಶಗಳಿವೆ. ಅದೇ ಗಾಡಿಯಲ್ಲಿ ಕೂಲಿಗೆ ಲೋಟ ತೊಳೆಯುವವರಿಗೆ ಇದು ಅನ್ವಯಿಸುವುದಿಲ್ಲ.

ವೃತ್ತಿಯನ್ನು ಕೇಳದೆ ದೊರೆತ ನೆರವು

ಹೆಚ್ಚಿನ ಹೋಟೆಲ್ ಕಾರ್ಮಿಕರ ಮನೆಗೆ ನಿಜವಾಗಿ ತಲುಪಿದ್ದು ವೃತ್ತಿಯನ್ನೇ ಕೇಳದ ಯೋಜನೆಗಳು. ಪ್ರಧಾನಮಂತ್ರಿ ಗರೀಬ್ ಕಲ್ಯಾಣ್ ಅನ್ನ ಯೋಜನೆಯಡಿ ಆದ್ಯತಾ ಪಡಿತರ ಚೀಟಿಯ ಪ್ರತಿ ಸದಸ್ಯರಿಗೆ ತಿಂಗಳಿಗೆ ಹೆಚ್ಚುವರಿ 5 ಕೆ.ಜಿ. ಧಾನ್ಯವು 2020ರ ಏಪ್ರಿಲ್‌ನಿಂದ ನವೆಂಬರ್‌ವರೆಗೆ, ಮತ್ತೆ 2021ರ ಮೇ ತಿಂಗಳಿನಿಂದ 2022ರ ಡಿಸೆಂಬರ್‌ವರೆಗೆ ಉಚಿತವಾಗಿ ದೊರೆಯಿತು. ಮಹಿಳೆಯರ ಜನಧನ ಖಾತೆಗಳಿಗೆ 2020ರ ಏಪ್ರಿಲ್, ಮೇ, ಜೂನ್ ತಿಂಗಳುಗಳಲ್ಲಿ ತಲಾ ರೂ. 500ರಂತೆ ಒಟ್ಟು ರೂ. 1,500 ಜಮೆಯಾಯಿತು. ರೊಟ್ಟಿ ಬಡಿಯುವ ಮಹಿಳೆಗೆ ಪರಿಹಾರ ಪಟ್ಟಿಯಲ್ಲಿ ಇಲ್ಲದ ಜಾಗ ಇಲ್ಲಿ ದೊರೆಯಿತು, ಮೊತ್ತ ಅಲ್ಪವಾದರೂ.

ಮಹಾರಾಷ್ಟ್ರ ಮತ್ತು ಗೋವಾದ ಹೋಟೆಲುಗಳಿಂದ ಮರಳಿದವರು 2020ರ ಮೇ ತಿಂಗಳಿನಲ್ಲಿ ಸೇವಾ ಸಿಂಧು ಪಾಸು ಪಡೆದು, ಸಾಂಸ್ಥಿಕ ಕ್ವಾರಂಟೈನ್ ಮುಗಿಸಿ ಊರು ಸೇರಬೇಕಾಯಿತು. ಪಡಿತರ ಚೀಟಿ ಇಲ್ಲದ ವಲಸೆ ಕಾರ್ಮಿಕರಿಗೆ 2020ರ ಮೇ ಮತ್ತು ಜೂನ್ ತಿಂಗಳುಗಳಿಗೆ ತಲಾ 5 ಕೆ.ಜಿ. ಧಾನ್ಯ ಹಂಚಿಕೆಯಾಗಿತ್ತು. ಹಳ್ಳಿಗಳಲ್ಲಿ ನೆಲೆಸಿದವರಿಗೆ ಉದ್ಯೋಗ ಖಾತರಿ ಯೋಜನೆಯಡಿ ದಿನಕ್ಕೆ 2020-21ರಲ್ಲಿ ರೂ. 275, 2021-22ರಲ್ಲಿ ರೂ. 289 ಕೂಲಿಯ ಕೆಲಸವಿತ್ತು. ಒಲೆಯ ಮುಂದೆ ನಿಂತವರು ಸಲಿಕೆ ಹಿಡಿದರು. ಗೋಕಾಕ, ಮೂಡಲಗಿ, ಹುಕ್ಕೇರಿ ಪಟ್ಟಣಗಳ ಒಳಗೇ ಇದ್ದವರಿಗೆ ಆ ದಾರಿಯೂ ಇರಲಿಲ್ಲ, ಏಕೆಂದರೆ ಯೋಜನೆ ಗ್ರಾಮ ಪಂಚಾಯತಿಗಳಿಗೆ ಸೀಮಿತವಾಗಿತ್ತು.

ದುಡಿಯುವ ಸದಸ್ಯರನ್ನು ಕೋವಿಡ್‌ನಿಂದ ಕಳೆದುಕೊಂಡ ಬಿ.ಪಿ.ಎಲ್. ಕುಟುಂಬಗಳಿಗೆ ರಾಜ್ಯ ಸರ್ಕಾರವು 2021ರ ಜೂನ್‌ನಲ್ಲಿ ರೂ. 1 ಲಕ್ಷ ಪರಿಹಾರ ಘೋಷಿಸಿತು. ಇದರ ಹೊರತಾಗಿ ವಿಪತ್ತು ಪರಿಹಾರ ನಿಧಿಯಿಂದ ರೂ. 50,000 ಸಲ್ಲುತ್ತಿತ್ತು. ಮೃತರು ಇ.ಎಸ್.ಐ. ವಿಮೆದಾರರಾಗಿದ್ದು ಷರತ್ತುಗಳನ್ನು ಪೂರೈಸಿದ್ದಲ್ಲಿ, ಅವಲಂಬಿತರಿಗೆ ಸರಾಸರಿ ವೇತನದ ಶೇ. 90ರಷ್ಟು ಮೊತ್ತವನ್ನು ಹಂಚಿ ಮಾಸಿಕ ಪಿಂಚಣಿ ನೀಡುವ ಪ್ರತ್ಯೇಕ ಯೋಜನೆಯೂ ಇತ್ತು. ಭವಿಷ್ಯ ನಿಧಿ ಸದಸ್ಯರಾಗಿದ್ದಲ್ಲಿ ಠೇವಣಿ ಆಧಾರಿತ ವಿಮೆಯ ಗರಿಷ್ಠ ಮೊತ್ತ ರೂ. 7 ಲಕ್ಷಕ್ಕೆ ಏರಿತ್ತು.

ಕಾರ್ಮಿಕರು ಈಗ ಇಟ್ಟುಕೊಳ್ಳಬೇಕಾದ ದಾಖಲೆಗಳು

2021ರ ಆಗಸ್ಟ್ 26ರಂದು ಆರಂಭವಾದ ಇ-ಶ್ರಮ್ ಪೋರ್ಟಲ್‌ನಲ್ಲಿ 16ರಿಂದ 59 ವರ್ಷದ, ಇ.ಎಸ್.ಐ. ಹಾಗೂ ಪಿ.ಎಫ್. ಸದಸ್ಯರಲ್ಲದ ಅಸಂಘಟಿತ ಕಾರ್ಮಿಕರು ಉಚಿತವಾಗಿ ನೋಂದಾಯಿಸಿಕೊಂಡು 12 ಅಂಕಿಗಳ ಸಂಖ್ಯೆ ಪಡೆಯಬಹುದು. ವೃತ್ತಿಯ ಕಲಂನಲ್ಲಿ "ಇತರೆ" ಅಥವಾ "ಕೂಲಿ" ಎಂದು ನಮೂದಿಸದೆ ಅಡಿಗೆಯವರು, ಪರಿಚಾರಕರು ಎಂಬಂತೆ ನಿಜವಾದ ವೃತ್ತಿಯನ್ನೇ ಆಯ್ಕೆ ಮಾಡತಕ್ಕದ್ದು. ಮುಂದೊಮ್ಮೆ ವೃತ್ತಿವಾರು ನೆರವು ಘೋಷಣೆಯಾದಲ್ಲಿ ಆ ಒಂದು ಪದವೇ ಆಧಾರವಾಗಬಹುದು. ಇ-ಶ್ರಮ್ ಸಹಾಯವಾಣಿ ಸಂಖ್ಯೆ 14434. ರಾಜ್ಯದ ಅಸಂಘಟಿತ ಕಾರ್ಮಿಕರ ಮಂಡಳಿಯ ಪಟ್ಟಿಯೂ 2021ರ ನಂತರ ವಿಸ್ತರಣೆಯಾಗಿದ್ದು, ತಮ್ಮ ವೃತ್ತಿಯ ನೋಂದಣಿಯ ಬಗ್ಗೆ ಆಯಾ ವೃತ್ತದ ಕಾರ್ಮಿಕ ನಿರೀಕ್ಷಕರ ಕಚೇರಿಯಲ್ಲಿ ವಿಚಾರಿಸಬೇಕು.

2025ರ ನವೆಂಬರ್ 21ರಿಂದ ಜಾರಿಯಾದ ಕಾರ್ಮಿಕ ಸಂಹಿತೆಗಳಲ್ಲಿ ನೇಮಕಾತಿ ಪತ್ರ ನೀಡುವುದನ್ನು ಕಡ್ಡಾಯಗೊಳಿಸಲಾಗಿದೆ. ಕೇಳಿ ಪಡೆಯುವುದು ಕಷ್ಟವಾದ ಸಣ್ಣ ಹೋಟೆಲುಗಳಲ್ಲಿ, ವೇತನವನ್ನು ನಗದಿನ ಬದಲು ಬ್ಯಾಂಕ್ ಖಾತೆಗೆ ಅಥವಾ ಫೋನ್ ಮೂಲಕ ಹಾಕಿಸಿಕೊಂಡರೂ ತಿಂಗಳಿಗೊಂದು ಸಾಲು ಸಾಕ್ಷಿ ಉಳಿಯುತ್ತದೆ. ಬೇರೆ ಊರಿನಲ್ಲಿ ದುಡಿದಿದ್ದವರು ಹಳೆಯ ಪಿ.ಎಫ್. ಖಾತೆಯ ಸಂಖ್ಯೆ ಮತ್ತು ಇ.ಎಸ್.ಐ. ವಿಮಾ ಸಂಖ್ಯೆಗಳನ್ನು ಬರೆದಿಟ್ಟುಕೊಳ್ಳುವುದು, ಅವುಗಳಿಗೆ ಆಧಾರ್ ಹಾಗೂ ಚಾಲ್ತಿಯಲ್ಲಿರುವ ಮೊಬೈಲ್ ಸಂಖ್ಯೆ ಜೋಡಣೆಯಾಗಿದೆಯೇ ಎಂದು ನೋಡಿಕೊಳ್ಳುವುದು ಅಗತ್ಯ. ಊರು ಬದಲಿಸಿದಾಗ ಸಿಮ್ ಬದಲಿಸುವವರು ಈ ವರ್ಗದಲ್ಲಿ ಹೆಚ್ಚು. ಹಳೆಯ ಸಂಖ್ಯೆಗೆ ಹೋಗುವ ಒ.ಟಿ.ಪಿ. ದೊರೆಯದೆ ಹಣವಿದ್ದೂ ಪಡೆಯಲಾಗದ ಸ್ಥಿತಿ ಬರಬಹುದು.